ಮೂರು ವರ್ಷ ತುಂಬದ ವಕೀಲರು ಸಿವಿಲ್ ಕಾನೂನು ನೆರವಿನಲ್ಲಿ ಏನು ಮಾಡಬಹುದು?

ಪ್ರಶ್ನೆ: ಸನ್ನದು ಪಡೆದು ಒಂದೂವರೆ ವರ್ಷವಾಯಿತು. ತಾಲ್ಲೂಕು ಕೇಂದ್ರದಲ್ಲಿ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಕಲಿಯುತ್ತಿದ್ದೇನೆ. ಬಡವರ ಸಿವಿಲ್ ಪ್ರಕರಣಗಳಿಗೆ ಉಚಿತವಾಗಿ ದುಡಿಯುವ ಮನಸ್ಸಿದೆ. ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಿದರೆ ‘ಪ್ಯಾನಲ್‌ಗೆ, ಅಂದರೆ ನೆರವಿನ ಪ್ರಕರಣ ನಡೆಸುವ ವಕೀಲರ ಪಟ್ಟಿಗೆ, ಸೇರಲು ಮೂರು ವರ್ಷ ಆಗಬೇಕು’ ಎಂದರು. ಅಲ್ಲಿಯವರೆಗೆ ನನ್ನಂಥವರು ಮಾಡಬಹುದಾದ ಕೆಲಸ ಯಾವುದು? ಹೊಸಬರು ಎಡವುವುದು ಎಲ್ಲಿ? ಕಕ್ಷಿದಾರರು ಪ್ರೀತಿಯಿಂದ ಏನಾದರೂ ತಂದುಕೊಟ್ಟರೆ ತೆಗೆದುಕೊಳ್ಳಬಹುದೆ?

ಉತ್ತರ: ಸಮಿತಿಯವರು ಹೇಳಿದ್ದು ಸರಿ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2010ರ ಉಚಿತ ಮತ್ತು ಸಮರ್ಥ ಕಾನೂನು ಸೇವೆಗಳ ವಿನಿಯಮಗಳ ಪ್ರಕಾರ, ವೃತ್ತಿಯಲ್ಲಿ ಮೂರು ವರ್ಷ ತುಂಬದವರನ್ನು ಸಾಮಾನ್ಯವಾಗಿ ಪ್ಯಾನಲ್‌ಗೆ ಸೇರಿಸಿಕೊಳ್ಳುವುದಿಲ್ಲ. ‘ಹಾಗಾದರೆ ಪಿಎಲ್‌ವಿ (ಅರೆ ಕಾನೂನು ಸ್ವಯಂಸೇವಕ) ಆಗುತ್ತೇನೆ’ ಅಂದುಕೊಂಡರೆ ಅದೂ ಆಗದು. ಅರೆ ಕಾನೂನು ಸ್ವಯಂಸೇವಕರ ಯೋಜನೆಯಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ಜಾಗವಿರುವುದು ಅವರು ವಕೀಲರಾಗಿ ನೋಂದಣಿ ಆಗುವವರೆಗೆ ಮಾತ್ರ. ನೀವು ಆ ಹೊಸ್ತಿಲು ದಾಟಿದ್ದೀರಿ, ಈ ಹೊಸ್ತಿಲಿಗೆ ಇನ್ನೂ ಬಂದಿಲ್ಲ.

ಆದರೆ ಸಿವಿಲ್ ನೆರವಿನಲ್ಲಿ ಕೊರತೆ ಇರುವುದು ಕೋರ್ಟಿನಲ್ಲಿ ನಿಂತು ವಾದಿಸುವವರದ್ದಲ್ಲ. ಕ್ರಿಮಿನಲ್ ಪ್ರಕರಣಗಳಿಗೆ 2022ರ ಯೋಜನೆಯಡಿ ಪೂರ್ಣಾವಧಿಯ ಕಾನೂನು ನೆರವು ಅಭಿರಕ್ಷಕರ (ಡಿಫೆನ್ಸ್ ಕೌನ್ಸೆಲ್) ಕಚೇರಿಗಳು ಬಂದವು. ಸಿವಿಲ್ ಪ್ರಕರಣಗಳು ಮಾತ್ರ ಹಿಂದಿನಂತೆಯೇ ಪ್ಯಾನಲ್ ವಕೀಲರ ಪಾಲಿಗೆ ಉಳಿದಿವೆ. ಅವರು ತಮ್ಮ ಸ್ವಂತ ವೃತ್ತಿಯ ನಡುವೆ ಈ ಫೈಲುಗಳನ್ನು ನೋಡಬೇಕು. ಸಮಿತಿಯಿಂದ ಅವರ ಕೈ ಸೇರುವುದು ಒಂದು ನೇಮಕಾತಿ ಪತ್ರ, ಒಂದು ಹೆಸರು, ಒಂದು ಮೊಬೈಲ್ ನಂಬರ್. ಪಹಣಿ ಇರುವುದಿಲ್ಲ, ವಂಶವೃಕ್ಷ ಇರುವುದಿಲ್ಲ, ಸಮನ್ಸ್ ಎಂದು ಮುಟ್ಟಿತು ಎಂಬುದು ಯಾರಿಗೂ ನೆನಪಿರುವುದಿಲ್ಲ. ಪ್ರಕರಣ ಸೋಲುವುದು ಬಹುಪಾಲು ಇಲ್ಲಿಯೇ, ವಾದದಲ್ಲಿ ಅಲ್ಲ. ಆದ್ದರಿಂದ ವಕಾಲತ್ತಿನ ಆಸೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಫೈಲು ಕಟ್ಟುವ ಕೆಲಸ ಹಿಡಿಯಿರಿ.

ಮೊದಲು ನಿಮ್ಮ ಹಿರಿಯರಿಗೆ ಹೇಳಿ. ಇದು ಬರೀ ಮರ್ಯಾದೆಯ ಮಾತಲ್ಲ. ತಾಲ್ಲೂಕಿನಲ್ಲಿ ವಕೀಲರು ಕೆಲವೇ ಮಂದಿ. ನೆರವು ಕೇಳಿ ಬಂದ ಹೆಣ್ಣುಮಗಳ ಅಣ್ಣನಿಗೆ ನಿಮ್ಮ ಹಿರಿಯರೇ ವಕೀಲರಾಗಿರಬಹುದು. ಕಥೆ ಪೂರ್ತಿ ಕೇಳಿದ ಮೇಲೆ ಅದು ಗೊತ್ತಾದರೆ ಇಬ್ಬರಿಗೂ ಸಂಕಟ, ಏಕೆಂದರೆ ವೃತ್ತಿಯ ನಂಬಿಕೆಯಲ್ಲಿ ಕೇಳಿದ ಮಾತನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 132 ಕಾಪಾಡುತ್ತದೆ, ನೀವು ಅದನ್ನು ಹೊರಗೆ ಬಿಡುವಂತಿಲ್ಲ. ಹಾಗಾಗಿ ಯಾರೇ ಬರಲಿ, ಮೊದಲು ಎರಡೂ ಕಡೆಯವರ ಹೆಸರು, ಊರು ಕೇಳಿ, ಕಚೇರಿಯ ಡೈರಿ ನೋಡಿ. ಕಥೆ ಆಮೇಲೆ.

ನಂತರ ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಅಥವಾ ನಿಮ್ಮ ತಾಲ್ಲೂಕು ಸಮಿತಿಯ ಅಧ್ಯಕ್ಷರಾದ ನ್ಯಾಯಾಧೀಶರಿಗೆ ಒಂದು ಪುಟದ ಪತ್ರ ಕೊಡಿ. ‘ಸಮಾಜಸೇವೆ ಮಾಡಲು ಇಚ್ಛಿಸುತ್ತೇನೆ’ ಎಂದು ಬರೆದರೆ ಪತ್ರ ಕಡತಕ್ಕೆ ಸೇರುತ್ತದೆ ಅಷ್ಟೆ. ‘ಪ್ರತಿ ಶನಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಸಮಿತಿಯ ಮುಂಗಚೇರಿಯಲ್ಲಿ (ಫ್ರಂಟ್ ಆಫೀಸ್) ಅರ್ಜಿ ಬರೆದುಕೊಡಬಲ್ಲೆ. ಪಾಲು, ಜೀವನಾಂಶ ಪ್ರಕರಣಗಳಲ್ಲಿ ಪ್ಯಾನಲ್ ವಕೀಲರಿಗೆ ದಾಖಲೆ ಜೋಡಿಸಿ, ದಿನಾಂಕಪಟ್ಟಿ ಮಾಡಿ, ಕರಡು ಸಿದ್ಧಪಡಿಸಬಲ್ಲೆ’ ಎಂದು ಬರೆದರೆ ಕೆಲಸ ಸಿಗುತ್ತದೆ. ಸನ್ನದಿನ ಪ್ರತಿ ಮತ್ತು ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾದ ಪ್ರಮಾಣಪತ್ರವನ್ನು ಲಗತ್ತಿಸಿ. ಕೇಂದ್ರ ಕಾನೂನು ಸಚಿವಾಲಯದ ನ್ಯಾಯ ಇಲಾಖೆ 2017ರಲ್ಲಿ ಆರಂಭಿಸಿದ ‘ನ್ಯಾಯ ಬಂಧು’ ಯೋಜನೆಯೂ ಇದೆ. ಉಚಿತವಾಗಿ ದುಡಿಯಲು ಒಪ್ಪಿದ ವಕೀಲರನ್ನು ಅರ್ಹ ಕಕ್ಷಿದಾರರೊಂದಿಗೆ ಜೋಡಿಸುವ ವ್ಯವಸ್ಥೆ ಅದು. ಆದರೆ ಮೊದಲ ವರ್ಷಗಳಲ್ಲಿ, ತಪ್ಪಿದರೆ ತಿದ್ದುವ ಪ್ಯಾನಲ್ ವಕೀಲರೊಬ್ಬರು ಪಕ್ಕದಲ್ಲಿರುವ ದಾರಿಯೇ ವಾಸಿ.

ಮುಂಗಚೇರಿಯಲ್ಲಿ ಕೂತ ದಿನವೇ ಎದುರಾಗುವ ತಪ್ಪು ಅರ್ಹತೆಯದ್ದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಲ್ಲಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ನೆರೆ-ಬರದಂಥ ವಿಪತ್ತಿಗೆ ಸಿಕ್ಕವರು, ಬಂಧನದಲ್ಲಿರುವವರು ಇದ್ದಾರೆ. ಇವರಿಗೆ ಆದಾಯದ ಮಿತಿ ಇಲ್ಲ. ಕರ್ನಾಟಕದಲ್ಲಿರುವ ವರ್ಷಕ್ಕೆ 3 ಲಕ್ಷ ರೂಪಾಯಿಯ ಮಿತಿ ಈ ಯಾವ ಗುಂಪಿಗೂ ಸೇರದವರಿಗೆ ಮಾತ್ರ. ಆದರೂ ಹೆಂಗಸರನ್ನು ‘ಆದಾಯ ಪ್ರಮಾಣಪತ್ರ ತನ್ನಿ’ ಎಂದು ನಾಡಕಚೇರಿಗೆ ಅಟ್ಟುವುದು ನಡೆದೇ ಇದೆ. ಆದಾಯದ ಮೇಲೆ ಅರ್ಹರಾದವರಿಗೂ ಕಲಂ 13ರ ಪ್ರಕಾರ ಪ್ರಮಾಣಪತ್ರ, ಅಂದರೆ ಅಫಿಡವಿಟ್ ಸಾಕು, ಅದನ್ನು ನಂಬದಿರಲು ಕಾರಣವಿದ್ದರೆ ಮಾತು ಬೇರೆ. ಅರ್ಜಿಯ ಮೇಲೆ ಆದಷ್ಟೂ ಅದೇ ದಿನ, ತಡವೆಂದರೆ 7 ದಿನದೊಳಗೆ ತೀರ್ಮಾನ ಆಗಬೇಕು. ನೆರವು ಎಂದರೆ ವಕೀಲರ ಫೀಜು ಮಾತ್ರವಲ್ಲ, ಕೋರ್ಟು ಶುಲ್ಕ, ಪ್ರೊಸೆಸ್ ಶುಲ್ಕ, ದೃಢೀಕೃತ ನಕಲಿನ ಖರ್ಚೂ ಅದರಲ್ಲಿ ಸೇರುತ್ತವೆ. ಇದನ್ನು ಕಕ್ಷಿದಾರರಿಗೆ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಯಾರೋ ಒಬ್ಬರು ‘ಸ್ಟಾಂಪಿಗೆ ಅಂತ’ ಕೇಳಿ ಇಸಕೊಳ್ಳುತ್ತಾರೆ.

ಇನ್ನು ಮೊದಲ ಭೇಟಿ. ಕಕ್ಷಿದಾರರು ಸಾಮಾನ್ಯವಾಗಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ಕಾಗದ ತುಂಬಿಕೊಂಡು ಬರುತ್ತಾರೆ. ಕರೆಂಟ್ ಬಿಲ್, ರೇಷನ್ ಕಾರ್ಡು, ಹಳೆಯ ಕಂದಾಯ ರಸೀದಿ, ನಡುವೆ ಎಲ್ಲೋ ಒಂದು ಕ್ರಯಪತ್ರ. ಮೂಲ ಪ್ರತಿಗಳನ್ನು ಇಟ್ಟುಕೊಳ್ಳಬೇಡಿ. ಅಲ್ಲಿಯೇ ಜೆರಾಕ್ಸ್ ಮಾಡಿಸಿ, ಮೂಲವನ್ನು ಅದೇ ಕವರಿನಲ್ಲಿ ಹಾಕಿ ವಾಪಸ್ ಕೊಡಿ. ನ್ಯಾಯಾಲಯಕ್ಕೆ ಹಾಜರುಪಡಿಸಲು ಮೂಲವೇ ಬೇಕಾದರೆ ಪಟ್ಟಿಯನ್ನು ಎರಡು ಪ್ರತಿ ಬರೆದು, ಇಬ್ಬರ ಸಹಿಯಾದ ಮೇಲೆ ಒಂದನ್ನು ಅವರಿಗೆ ಕೊಡಿ. ಕಾಗದಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಪುಟಸಂಖ್ಯೆ ಹಾಕಿ. ಅಂಚೆ ಲಕೋಟೆಯನ್ನು ಎಸೆಯಬೇಡಿ, ನೋಟಿಸು ಯಾವತ್ತು ಮುಟ್ಟಿತು ಎಂಬುದಕ್ಕೆ ಕೆಲವೊಮ್ಮೆ ಅದರ ಮೇಲಿನ ಮೊಹರೊಂದೇ ಸಾಕ್ಷಿ.

ಆಮೇಲೆ ಫೈಲಿನ ಮೊದಲ ಹಾಳೆಯಲ್ಲಿ ಮೂರು ದಿನಾಂಕಗಳನ್ನು ದಪ್ಪಕ್ಷರದಲ್ಲಿ ಬರೆಯಿರಿ: ಸಮನ್ಸ್ ಅಥವಾ ನೋಟಿಸು ಮುಟ್ಟಿದ್ದು, ಮುಂದಿನ ವಿಚಾರಣೆ, ಕಾಲಮಿತಿ ಮುಗಿಯುವುದು. ಪ್ರಕರಣ ಆಗಲೇ ಕೋರ್ಟಿನಲ್ಲಿದ್ದರೆ ಪ್ರತಿ ಪ್ರಕರಣಕ್ಕೂ ಇರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿ ಇ-ಕೋರ್ಟ್ಸ್ ಜಾಲತಾಣದಲ್ಲಿ ನೀವೇ ನೋಡಿ. ಕಕ್ಷಿದಾರರು ಹೇಳಿದ ತಾರೀಕನ್ನು ನಂಬಿ ಕೂರಬೇಡಿ. ಜೂನ್ 10ಕ್ಕೆ ಸಮನ್ಸ್ ಮುಟ್ಟಿದ್ದರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 8 ನಿಯಮ 1ರಂತೆ ಜುಲೈ 10ರೊಳಗೆ ಪ್ರತಿವಾದಪತ್ರ ಸಲ್ಲಿಸಬೇಕು. ನ್ಯಾಯಾಲಯ ಕಾರಣ ದಾಖಲಿಸಿ 90 ದಿನದವರೆಗೆ ಅವಕಾಶ ಕೊಡಬಹುದು, ಆದರೆ ಅದು ಕೇಳಿ ಪಡೆಯುವ ಅವಕಾಶ. ಸಮನ್ಸ್ ಮುಟ್ಟಿದ ಹೆಣ್ಣುಮಗಳು ನಿಮ್ಮ ಬಳಿ ಬಂದದ್ದು ಜುಲೈ 8ಕ್ಕೆ, ವಿಚಾರಣೆ 9ಕ್ಕೆ ಎಂದುಕೊಳ್ಳಿ. ಪ್ಯಾನಲ್ ವಕೀಲರ ನೇಮಕ ಅಷ್ಟರಲ್ಲಿ ಆಗಲಿಕ್ಕಿಲ್ಲ. ಆಗ ಮಾಡಬೇಕಾದ್ದು ಸರಳ. ನೆರವಿನ ಅರ್ಜಿ ಕೊಟ್ಟ ಸ್ವೀಕೃತಿಯನ್ನು ಆಕೆಯ ಕೈಗೆ ಕೊಡಿ. ‘ಹೆಸರು ಕೂಗಿದಾಗ ಎದ್ದು ನಿಂತು, ಕಾನೂನು ನೆರವಿಗೆ ಅರ್ಜಿ ಹಾಕಿದ್ದೇನೆ, ಸಮಯ ಕೊಡಿ ಎಂದು ಹೇಳಿ’ ಎಂದು ತಿಳಿಸಿ. ವಕೀಲರಿಲ್ಲ ಎಂದು ಮನೆಯಲ್ಲೇ ಉಳಿದರೆ ಏಕಪಕ್ಷೀಯವಾಗಿ ಮುಂದುವರಿಯುತ್ತದೆ. ಏಕಪಕ್ಷೀಯ ಡಿಕ್ರಿ ಆಗಿಬಿಟ್ಟಿದ್ದರೆ ಅದನ್ನು ರದ್ದುಪಡಿಸಲು ಆದೇಶ 9 ನಿಯಮ 13ರ ಅರ್ಜಿಗೆ ಇರುವುದು 30 ದಿನ. ಡಿಕ್ರಿಯ ದಿನದಿಂದ ಲೆಕ್ಕ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಮಾತ್ರ ತಿಳಿದ ದಿನದಿಂದ. ‘ಅಮೀನರು ಬಂದಿದ್ದರೇ? ಬಾಗಿಲಿಗೆ ಕಾಗದ ಅಂಟಿಸಿದ್ದರೇ? ಮನೆಯಲ್ಲಿ ಯಾರಾದರೂ ಸಹಿ ಹಾಕಿದ್ದರೇ?’ ಎಂದು ಬಿಡಿಬಿಡಿಯಾಗಿ ಕೇಳುವುದು ಇದಕ್ಕೇ.

ತಾಲ್ಲೂಕು ಕೋರ್ಟಿನಲ್ಲಿ ಹೆಚ್ಚು ಬರುವ, ಹೊಸಬರು ಹೆಚ್ಚು ಕೆಡಿಸುವ ನಮೂನೆಯೊಂದನ್ನು ಹತ್ತಿರದಿಂದ ನೋಡೋಣ. ‘ಬ್ಯಾಂಕ್ ಸಾಲಕ್ಕೆ ಸಹಿ ಬೇಕು ಅಂತ ಅಣ್ಣ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರಕೊಂಡು ಹೋದ. ಈಗ ನೋಡಿದರೆ ನನ್ನ ಭಾಗ ಬಿಟ್ಟುಕೊಟ್ಟಿದ್ದೀನಂತೆ.’ ಇದು ಹಕ್ಕು ಬಿಡುಗಡೆ ಪತ್ರದ ಪ್ರಕರಣ. ಹೊಸಬರು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯನ್ನೂ, 2020ರ ವಿನೀತಾ ಶರ್ಮಾ ತೀರ್ಪನ್ನೂ ಉಲ್ಲೇಖಿಸಿ ಪಾಲಿನ ದಾವೆಯ ವಾದಪತ್ರ ಬರೆದುಬಿಡುತ್ತಾರೆ. ಮಗಳಿಗೆ ಹಕ್ಕಿದೆ ಎಂಬುದರಲ್ಲಿ ತಕರಾರೇ ಇಲ್ಲ. ತಕರಾರು ಇರುವುದು ಆಕೆಯೇ ಸಹಿ ಹಾಕಿದ ನೋಂದಾಯಿತ ಪತ್ರದಲ್ಲಿ. ಪತ್ರಕ್ಕೆ ತಾನೇ ಸಹಿ ಹಾಕಿದವರು ಅದರ ರದ್ದತಿಯನ್ನೇ ಕೋರಬೇಕು, ಪಾಲು ಕೇಳಿದರೆ ಸಾಲದು. ರದ್ದತಿಗೆ ಕಾಲಮಿತಿ ಕಾಯ್ದೆಯ ಅನುಚ್ಛೇದ 59ರ ಪ್ರಕಾರ ಮೂರು ವರ್ಷ, ವಿಷಯ ಮೊದಲು ತಿಳಿದ ದಿನದಿಂದ. ಇಡೀ ಪ್ರಕರಣ ನಿಂತಿರುವುದು ಆ ‘ಮೊದಲು ತಿಳಿದ ದಿನ’ದ ಮೇಲೆ. ‘ಇತ್ತೀಚೆಗೆ ತಿಳಿದುಬಂತು’ ಎಂದು ವಾದಪತ್ರದಲ್ಲಿ ಬರೆದರೆ ಎದುರಿನವರು ಆದೇಶ 7 ನಿಯಮ 11ರ ಅರ್ಜಿ ಹಾಕಿ ವಾದಪತ್ರವನ್ನೇ ತಿರಸ್ಕರಿಸಿ ಎನ್ನುತ್ತಾರೆ.

ನಿಮ್ಮ ಕೆಲಸ ಇಲ್ಲಿದೆ. ಆ ಸರ್ವೆ ನಂಬರಿನ ಋಣಭಾರ ಪ್ರಮಾಣಪತ್ರ ತೆಗೆಸಿ. ಬಿಡುಗಡೆ ಪತ್ರದ ದೃಢೀಕೃತ ನಕಲು ಪಡೆಯಿರಿ, ಸಾಕ್ಷಿಗಳಾಗಿ ಯಾರು ಸಹಿ ಹಾಕಿದ್ದಾರೆ, ಪತ್ರದಲ್ಲಿ ಹಣ ಕೊಟ್ಟಂತೆ ಬರೆದಿದೆಯೇ, ಕೊಟ್ಟದ್ದು ನಗದೋ ಚೆಕ್ಕೋ ನೋಡಿ. ಆ ಪತ್ರದ ಮೇಲೆ ಮ್ಯುಟೇಶನ್ (ಖಾತೆ ಬದಲಾವಣೆ) ಯಾವಾಗ ಆಯಿತು, ಆಗ ಆಕೆಗೆ ನೋಟಿಸು ಬಂದಿತ್ತೇ, ಅದಕ್ಕೆ ಸಹಿ ಹಾಕಿದ್ದಾರೆಯೇ ಎಂಬುದನ್ನು ತಾಲ್ಲೂಕು ಕಚೇರಿಯ ದಾಖಲೆಯಿಂದ ತಿಳಿಯಿರಿ. ನಾಲ್ಕು ವರ್ಷದ ಹಿಂದಿನ ನೋಟಿಸಿನಲ್ಲಿ ಆಕೆಯ ಸಹಿ ಇದ್ದರೆ ಅದು ಪಾಟೀಸವಾಲಿನ ದಿನ ಹೊರಬರುವುದಕ್ಕಿಂತ ಇಂದೇ ನಿಮಗೆ ತಿಳಿಯುವುದು ಒಳ್ಳೆಯದು. ಮೋಸವೆಂದು ಹೇಳುವಾಗ ಆದೇಶ 6 ನಿಯಮ 4ರಂತೆ ವಿವರ ಕೊಡಲೇಬೇಕು: ಯಾರು, ಯಾವ ದಿನ, ಎಲ್ಲಿ, ಏನೆಂದು ಹೇಳಿ ಸಹಿ ಹಾಕಿಸಿಕೊಂಡರು. ‘ಮೋಸದಿಂದ’ ಎಂಬ ಒಂದು ಪದಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ.

ಪಾಲಿನ ದಾವೆಯಲ್ಲಿ ಇನ್ನೆರಡು ಹಳ್ಳಗಳಿವೆ. ಕುಟುಂಬದ ಎಲ್ಲ ಆಸ್ತಿಗಳನ್ನೂ, ಎಲ್ಲ ಪಾಲುದಾರರನ್ನೂ ಸೇರಿಸಬೇಕು. ಮದುವೆಯಾಗಿ ದೂರ ಹೋದ ಅಕ್ಕನನ್ನು, ತೀರಿಕೊಂಡ ತಮ್ಮನ ಹೆಂಡತಿ-ಮಕ್ಕಳನ್ನು ಬಿಟ್ಟರೆ ದಾವೆ ಕುಂಟುತ್ತದೆ. ಹಾಗಾಗಿ ವಂಶವೃಕ್ಷವನ್ನು ಕಕ್ಷಿದಾರರ ಬಾಯಿಂದ ಕೇಳಿ ನೀವೇ ಒಮ್ಮೆ ಬರೆಯಿರಿ, ಗ್ರಾಮ ಆಡಳಿತಾಧಿಕಾರಿ ಕೊಟ್ಟದ್ದಕ್ಕೆ ತಾಳೆ ನೋಡಿ. ಎರಡನೆಯದು ಕೋರ್ಟು ಶುಲ್ಕ. ಜಂಟಿ ಸ್ವಾಧೀನದಲ್ಲಿದ್ದೇನೆ ಎಂದಾದರೆ ಕರ್ನಾಟಕದ 1958ರ ಕೋರ್ಟು ಶುಲ್ಕ ಕಾಯ್ದೆಯ ಕಲಂ 35(2)ರ ನಿಗದಿತ ಶುಲ್ಕ, ಅತಿ ಹೆಚ್ಚೆಂದರೆ 200 ರೂಪಾಯಿ. ‘ನನ್ನನ್ನು ಹೊರಹಾಕಿದ್ದಾರೆ’ ಎಂದು ಬರೆದ ಕೂಡಲೇ 35(1)ರಡಿ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಲೆಕ್ಕ. ಸಿಟ್ಟಿನಲ್ಲಿ ಆಡಿದ ಮಾತನ್ನು ಹಾಗೇ ವಾದಪತ್ರಕ್ಕೆ ಇಳಿಸಬಾರದು. ಹಾಗೆಂದು ಶುಲ್ಕ ಉಳಿಸಲು ಇಲ್ಲದ ಸ್ವಾಧೀನ ಬರೆಯುವುದೂ ತಪ್ಪು. ಆಕೆ ಸುಗ್ಗಿಗೆ ಹೋಗಿ ಭತ್ತ ತರುತ್ತಿದ್ದರೇ, ಯಾವ ವರ್ಷದವರೆಗೆ ಎಂದು ಕೇಳಿ. ಉತ್ತರ ಅಲ್ಲಿಂದಲೇ ಸಿಗುತ್ತದೆ.

ಜೀವನಾಂಶ ಮತ್ತು ಕೌಟುಂಬಿಕ ದೌರ್ಜನ್ಯದ ಅರ್ಜಿಗಳು ನಿಮ್ಮ ಕೈಗೆ ಇನ್ನೂ ಹೆಚ್ಚು ಬರುತ್ತವೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಕಲಂ 12ರ ಅರ್ಜಿಯನ್ನು ನೊಂದ ಮಹಿಳೆಯೇ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಕೊಡಬಹುದು, ಸಂರಕ್ಷಣಾಧಿಕಾರಿಯ ಮೂಲಕವೂ ಕೊಡಬಹುದು. ನಮ್ಮಲ್ಲಿ ಆ ಹೊಣೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರದ್ದು. ಅವರ ವರದಿ ಬಾರದೆ ಅರ್ಜಿ ನಡೆಯುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ, 2022ರ ಪ್ರಭಾ ತ್ಯಾಗಿ ತೀರ್ಪು ಅದನ್ನು ಬಗೆಹರಿಸಿದೆ. ಮಧ್ಯಂತರ ಆದೇಶದ ಅರ್ಜಿಯನ್ನು ಮೊದಲ ದಿನವೇ ಜೊತೆಗಿಡಿ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರವನ್ನು ಇಬ್ಬರೂ ಸಲ್ಲಿಸಬೇಕು. ಅದನ್ನು ತುಂಬಿಸಲು ಒಂದು ಮಧ್ಯಾಹ್ನವೇ ಬೇಕು. ಮನೆ ಬಾಡಿಗೆ, ಮಕ್ಕಳ ಶಾಲೆ, ಔಷಧಿ, ಬಸ್ ಪಾಸು, ಸಂಘದ ಸಾಲದ ಕಂತು ಎಲ್ಲವನ್ನೂ ಕೂಡಿಸಬೇಕು. ಆಕೆ ಟೈಲರಿಂಗ್ ಮಾಡಿ ತಿಂಗಳಿಗೆ ಮೂರು ಸಾವಿರ ದುಡಿಯುತ್ತಿದ್ದರೆ ಬರೆಯಿರಿ. ಮುಚ್ಚಿಟ್ಟ ಮೂರು ಸಾವಿರ ಪಾಟೀಸವಾಲಿನಲ್ಲಿ ಹೊರಬಿದ್ದರೆ ಉಳಿದ ಸತ್ಯವನ್ನೂ ಯಾರೂ ನಂಬುವುದಿಲ್ಲ. ಗಂಡನ ವಿಳಾಸ ಒಂದೇ ಬರೆಯಬೇಡಿ. ಮನೆ, ಕೆಲಸದ ಜಾಗ, ಊರಿನ ವಿಳಾಸ ಮೂರೂ ಇರಲಿ. ಈ ಅರ್ಜಿಗಳು ತಿಂಗಳುಗಟ್ಟಲೆ ನಿಲ್ಲುವುದು ‘ನೋಟಿಸು ಜಾರಿಯಾಗಿಲ್ಲ’ ಎಂಬ ಷರಾದ ಮೇಲೆ.

ಇಲ್ಲಿ ಕಾನೂನು ನೆರವೇ ಸೋರಿಹೋಗುವ ಒಂದು ರಂಧ್ರವಿದೆ. ಜೀವನಾಂಶದ ಆದೇಶವಾದ ಕೂಡಲೇ ನೇಮಕಾತಿ ಮುಗಿಯಿತೆಂದು ಫೈಲು ಮುಚ್ಚುತ್ತಾರೆ. ಗಂಡ ಹಣ ಕಟ್ಟುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144(3)ರ ಪ್ರಕಾರ ಬಾಕಿ ವಸೂಲಿಗೆ, ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಎರಡು ವರ್ಷ ಕಾದು ಬಂದವರಿಗೆ ಹಳೆಯ ಹನ್ನೆರಡು ತಿಂಗಳ ಹಣ ಆ ದಾರಿಯಲ್ಲಿ ಸಿಗುವುದಿಲ್ಲ. ಆದೇಶದ ನಕಲು ಕೈಗೆ ಬಂದ ದಿನವೇ ಆರು ತಿಂಗಳ ಮುಂದಿನ ಪುಟದಲ್ಲಿ ‘ಹಣ ಬಂತೇ?’ ಎಂದು ಡೈರಿಯಲ್ಲಿ ಬರೆದುಕೊಳ್ಳಿ. ಬಾರದಿದ್ದರೆ ವಸೂಲಿಗೆ ಹೊಸದಾಗಿ ನೆರವಿನ ಅರ್ಜಿ ಹಾಕಿಸಿ. ದಾವೆಯ ಡಿಕ್ರಿ ಜಾರಿಗೆ ತರುವ ಅಮಲ್ಜಾರಿ ಅರ್ಜಿಗೂ ಹೀಗೆಯೇ ಹೊಸದಾಗಿ ನೆರವು ಕೇಳಿಸಿ.

ಹಿರಿಯ ನಾಗರಿಕರ ವಿಷಯ ಚಿಕ್ಕದು, ಆದರೆ ನಿಮಗೆ ಹೇಳಿ ಮಾಡಿಸಿದ್ದು. ಪಾಲಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ನ್ಯಾಯಮಂಡಳಿಯಲ್ಲಿ ವಕೀಲರ ಪ್ರಾತಿನಿಧ್ಯಕ್ಕೆ ಕಲಂ 17 ತಡೆಯೊಡ್ಡುತ್ತದೆ. ಅಜ್ಜ-ಅಜ್ಜಿಗೆ ಬೇಕಿರುವುದು ಅರ್ಜಿ ನೆಟ್ಟಗೆ ಬರೆದುಕೊಡುವವರು. ಮಗನಿಗೆ ಬರೆದ ದಾನಪತ್ರ ರದ್ದಾಗಬೇಕೆಂದರೆ ಕಲಂ 23ರಡಿ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟದ್ದೆಂದು ತೋರಿಸಬೇಕು. ಮೊದಲು ದಾನಪತ್ರವನ್ನು ಕೊನೆಯ ಸಾಲಿನವರೆಗೆ ಓದಿ, ಜೊತೆಗೆ ಅದೇ ದಿನ ಬರೆಸಿದ ಬೇರೆ ಕರಾರು ಇದೆಯೇ ಎಂದು ಕೇಳಿ. 2025ರ ಊರ್ಮಿಳಾ ದೀಕ್ಷಿತ್ ತೀರ್ಪಿನಲ್ಲಿ ಅಂಥ ಕಾಗದ ಮಹತ್ವಕ್ಕೆ ಬಂತು.

ಲೋಕ ಅದಾಲತ್ ಹತ್ತಿರ ಬಂದಾಗ ಎಲ್ಲರಿಗೂ ರಾಜಿಯ ಆತುರ. 1987ರ ಕಾನೂನು ಸೇವೆಗಳ ಕಾಯ್ದೆಯ ಕಲಂ 21ರ ಪ್ರಕಾರ ಅಲ್ಲಿನ ಅವಾರ್ಡು ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ರಾಜಿ ಅರ್ಜಿಗೆ ಹೆಬ್ಬೆಟ್ಟು ಒತ್ತುವ ಮುಂಚೆ ಅದನ್ನು ಕಕ್ಷಿದಾರರಿಗೆ ಕನ್ನಡದಲ್ಲಿ ಓದಿ ಹೇಳಿ, ‘ಇದರಲ್ಲಿ ಏನಿದೆ?’ ಎಂದು ಅವರ ಬಾಯಿಂದಲೇ ತಿರುಗಿ ಹೇಳಿಸಿ. ಸರ್ವೆ ನಂಬರ್, ಎಕರೆ-ಗುಂಟೆ, ಚಕ್ಕುಬಂದಿ, ದಾರಿ, ಬಾವಿಯ ನೀರಿನ ಸರದಿ ಬರೆಯದ ರಾಜಿ ಮುಂದಿನ ದಾವೆಗೆ ಬೀಜ.

ನಡತೆಯ ವಿಷಯದಲ್ಲಿ ಹೊಸಬರು ಮರೆಯುವುದು ಎರಡು. ಬೇರೆ ವಕೀಲರ ವಕಾಲತ್ತು ಇರುವ ಪ್ರಕರಣಕ್ಕೆ ಅವರ ಒಪ್ಪಿಗೆಯಿಲ್ಲದೆ ಕೈಹಾಕುವಂತಿಲ್ಲ. ಒಪ್ಪಿಗೆ ಸಿಗದಿದ್ದರೆ ನ್ಯಾಯಾಲಯದ ಅನುಮತಿ ಬೇಕು. ಫೀಜು ಬಾಕಿಯೆಂದು ಫೈಲು ತಡೆಹಿಡಿಯುವ ಹಕ್ಕು ಯಾವ ವಕೀಲರಿಗೂ ಇಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಆದರೂ ಈ ಮಾತನ್ನು ಅವರೊಂದಿಗೆ ಆಡಬೇಕಾದವರು ಪ್ಯಾನಲ್ ವಕೀಲರೇ ಹೊರತು ನೀವಲ್ಲ. ಇನ್ನೊಂದು ಪ್ರಚಾರ. ಕಕ್ಷಿದಾರರ ಜೊತೆಗಿನ ಫೋಟೊ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ‘ಉಚಿತ ಸೇವೆ’ ಎಂದು ಬರೆಯುವುದು ವಕೀಲರ ಪರಿಷತ್ತಿನ ನಿಯಮ 36ರ ಜಾಹೀರಾತಿನ ಗೆರೆ ದಾಟುತ್ತದೆ, ಅವರ ಮನೆಯ ಜಗಳವನ್ನೂ ಬೀದಿಗೆ ತರುತ್ತದೆ.

ಎಷ್ಟು ಹೊತ್ತು ಕೊಡಬೇಕು? ವಾರಕ್ಕೆ ಅರ್ಧ ದಿನ, ಒಮ್ಮೆಗೆ ಮೂರು ಫೈಲು ಮೀರದಿರಲಿ. ನಿಯಮ 46 ಕೂಡ ಉಚಿತ ನೆರವನ್ನು ವಕೀಲರ ಆರ್ಥಿಕ ಸ್ಥಿತಿಯ ಮಿತಿಯೊಳಗೆ ಎಂದೇ ಹೇಳುತ್ತದೆ. ಬಾಡಿಗೆ ಕಟ್ಟಲು ಪರದಾಡುವ ಕಿರಿಯರು ಹತ್ತು ಫೈಲು ಹೊತ್ತು ನಾಲ್ಕನೇ ತಿಂಗಳಿಗೆ ನಾಪತ್ತೆಯಾಗುವುದು ಯಾರಿಗೂ ನೆರವಲ್ಲ. ಪ್ರತಿ ವಿಚಾರಣೆಯ ಸಂಜೆ ನಾಲ್ಕು ಸಾಲು ಬರೆಯಿರಿ: ದಿನಾಂಕ, ನಡೆದದ್ದು, ಮುಂದಿನ ಹಂತ, ಕಕ್ಷಿದಾರರಿಗೆ ಯಾರು ತಿಳಿಸಿದರು. ಪ್ಯಾನಲ್ ವಕೀಲರು ಸಮಿತಿಗೆ ಕೊಡಬೇಕಾದ ಪ್ರಗತಿ ವರದಿಗೆ ಅದೇ ಸಾಕು. ಬೆಂಗಳೂರಿಗೆ ಹೊರಟರೆ ಫೈಲು ಯಾರ ಕೈಗೆ ಹೋಯಿತೆಂದು ಬರೆದು ಸಹಿ ಪಡೆದು ಹೊರಡಿ. ಮೂರು ವರ್ಷ ತುಂಬಿ ಪ್ಯಾನಲ್‌ಗೆ ಅರ್ಜಿ ಕರೆದಾಗ, ಸಿವಿಲ್, ಕಾರ್ಮಿಕ, ವೈವಾಹಿಕ ಎಂದು ಬೇರೆ ಬೇರೆ ಪಟ್ಟಿಗಳಿರುತ್ತವೆ. ಯಾವುದಕ್ಕೆ ನೀವು ತಕ್ಕವರೆಂದು ಆ ಡೈರಿಯೇ ಹೇಳುತ್ತದೆ.

ಕೊನೆಯ ಪ್ರಶ್ನೆ. ನೆರವು ಪಡೆದವರಿಂದ ಫೀಜು, ಸಂಭಾವನೆ, ಇನ್ನಾವುದೇ ಲಾಭ ಪಡೆಯುವಂತಿಲ್ಲವೆಂದು 2010ರ ವಿನಿಯಮಗಳು ಪ್ಯಾನಲ್ ವಕೀಲರನ್ನು ಕಟ್ಟಿಹಾಕಿವೆ. ಅವರ ಫೈಲಿನಲ್ಲಿ ಕೆಲಸ ಮಾಡುವ ನಿಮಗೂ ಅದೇ ಗೆರೆ, ಬಸ್ ಚಾರ್ಜೂ ಸೇರಿ. ಆದೇಶವಾದ ದಿನ ಎರಡು ತೆಂಗಿನಕಾಯಿ, ಒಂದು ಹಲಸಿನ ಹಣ್ಣು ತಂದು ಮೇಜಿನ ಮೇಲಿಟ್ಟರೆ ‘ಬೇಡ’ ಎಂದು ಮುಖ ಸಿಂಡರಿಸಬೇಡಿ. ‘ಇಸಕೊಂಡರೆ ನನ್ನ ಸನ್ನದಿಗೆ ತೊಂದರೆ ಆಗುತ್ತೆ ಅಮ್ಮ’ ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ಒಂದು ಲೋಟ ಟೀ ನೀವೇ ತರಿಸಿ ಕುಡಿಸಿ, ಹಣ್ಣನ್ನು ಅವರ ಚೀಲಕ್ಕೆ ಹಾಕಿ ಬಸ್ಸಿಗೆ ಕಳಿಸಿ.